ಕಟ್ಟಿದ ಕಾರಿಗೆ ಬೆಲೆ ಕಟ್ಟುವುದು: ಬ್ರಿಟನ್ನಿನಲ್ಲಿ ಕಿಟ್ ಕಾರು ಮಾರುವವರಿಗೊಂದು ಮಾರ್ಗದರ್ಶಿ

ಮಾರ್ಚ್ ತಿಂಗಳ ಒಂದು ಶನಿವಾರ ಬೆಳಿಗ್ಗೆ ಕೊವೆಂಟ್ರಿಯ ನಮ್ಮ ಮನೆಯ ಗ್ಯಾರೇಜಿಗೆ ಕಾರು ನೋಡಲು ಬಂದ ಹಿರಿಯರೊಬ್ಬರು ಎಂಜಿನ್ ಚಾಲೂ ಮಾಡಿ ತೋರಿಸಿ ಎನ್ನಲಿಲ್ಲ. ಕೋಟು ಬಿಚ್ಚಿ ಮಡಿಸಿಟ್ಟರು. ಜೇಬಿನಿಂದ ಸಣ್ಣ ಟಾರ್ಚು ತೆಗೆದರು. ನಾನು ಸ್ಟ್ಯಾಂಡುಗಳ ಮೇಲೆ ಎತ್ತಿ ನಿಲ್ಲಿಸಿದ್ದ ಕಾರಿನ ಕೆಳಗೆ ಹಳೆಯ ರಟ್ಟೊಂದನ್ನು ಹಾಸಿಕೊಂಡು ಅಂಗಾತ ಮಲಗಿದರು. ಇಪ್ಪತ್ತು ನಿಮಿಷ ಮಾತಿಲ್ಲ. ಬ್ರೇಕ್ ಪೈಪು ಚಾಸಿಯ ಉದ್ದಕ್ಕೂ ಹೋಗುವ ದಾರಿ, ಅದನ್ನು ಹಿಡಿದಿರುವ ಒಂದೊಂದು ಕ್ಲಿಪ್ಪು, ಸಸ್ಪೆನ್ಷನ್ನಿನ ನಟ್ಟುಗಳ ಮೇಲೆ ನಾನು ಎಳೆದಿದ್ದ ಹಳದಿ ಗೆರೆ, ಎಲ್ಲದರ ಮೇಲೂ ಟಾರ್ಚಿನ ಬೆಳಕು ಹರಿದಾಡಿತು. ನಟ್ಟನ್ನು ಸರಿಯಾದ ಅಳತೆಗೆ ಬಿಗಿ ಮಾಡಿದ ಮೇಲೆ ನಟ್ಟಿನಿಂದ ಚಾಸಿಯವರೆಗೆ ಪೇಂಟ್ ಪೆನ್ನಿನಿಂದ ಒಂದು ಗೆರೆ ಎಳೆದರೆ, ಮುಂದೆ ನಟ್ಟು ಕೂದಲೆಳೆಯಷ್ಟು ಸಡಿಲವಾದರೂ ಗೆರೆ ತುಂಡಾಗಿ ಕಾಣುತ್ತದೆ. ಅವರು ಎದ್ದು ಬೆನ್ನಿನ ಧೂಳು ಕೊಡವಿಕೊಂಡು ಹೇಳಿದ್ದು ಇಷ್ಟೇ: “ಎಂಜಿನ್ ಕೆಟ್ಟರೆ ಬೇರೆ ಹಾಕಿಸಿಕೊಳ್ಳಬಹುದು. ಕಟ್ಟಿದವರ ಕೈ ಹೇಗಿದೆ ಎನ್ನುವುದು ಕೆಳಗಿನಿಂದ ನೋಡಿದರೆ ಮಾತ್ರ ಗೊತ್ತಾಗುತ್ತದೆ.”

ಬಿಡಿಭಾಗಗಳ ಕಿಟ್ ಕೊಂಡು ಮನೆಯಲ್ಲೇ ಜೋಡಿಸಿಕೊಳ್ಳುವ ಕಿಟ್ ಕಾರಿನ ವ್ಯಾಪಾರದ ಗುಟ್ಟೆಲ್ಲ ಆ ಮಾತಿನಲ್ಲಿದೆ. ಕಾರ್ಖಾನೆಯಿಂದ ಬಂದ ಕಾರನ್ನು ಕೊಳ್ಳುವವರಿಗೆ ಕಂಪನಿಯ ಹೆಸರೇ ಭರವಸೆ. ನಮ್ಮ ಕಾರಿಗೆ ಆ ಭರವಸೆ ಇಲ್ಲ. ಯಾರೋ ಒಬ್ಬರು ತಮ್ಮ ಗ್ಯಾರೇಜಿನಲ್ಲಿ, ರಾತ್ರಿ ಊಟವಾದ ಮೇಲೆ, ಚಳಿಯಲ್ಲಿ ಕೂತು ಜೋಡಿಸಿದ ಬ್ರೇಕನ್ನು ನಂಬಿ ಇನ್ನೊಬ್ಬರು ಹೆದ್ದಾರಿಗೆ ಇಳಿಯಬೇಕು. ಆ ನಂಬಿಕೆಯನ್ನು ಹುಟ್ಟಿಸುವುದೇ ಮಾರುವವರ ಕೆಲಸ. ಬೆಲೆ ಏರುವುದೂ ಇಳಿಯುವುದೂ ಅದರ ಮೇಲೆಯೇ.

ಇಲ್ಲಿ ಬರೆಯುತ್ತಿರುವುದು ಬ್ರಿಟನ್ನಿನ ವಿಷಯ, ಯಾಕೆಂದರೆ ಈ ಹವ್ಯಾಸದ ತವರೇ ಇದು. 1957ರಲ್ಲಿ ಕಾಲಿನ್ ಚಾಪ್‌ಮನ್ ಅವರ ಲೋಟಸ್ ಕಂಪನಿ ಸೆವೆನ್ ಎಂಬ ಎರಡು ಸೀಟಿನ ತೆರೆದ ಕಾರನ್ನು ಹೊರತಂದಾಗ ಅದನ್ನು ಬಿಡಿಭಾಗಗಳ ಕಿಟ್ ಆಗಿಯೂ ಮಾರಿತು. ಪೂರ್ತಿ ಕಾರಿಗೆ ಬೀಳುತ್ತಿದ್ದ ಖರೀದಿ ತೆರಿಗೆ ಕಿಟ್‌ಗೆ ಬೀಳುತ್ತಿರಲಿಲ್ಲ. 1973ರಲ್ಲಿ ಆ ತೆರಿಗೆ ಹೋಗಿ ವ್ಯಾಟ್ ಬಂತು. ಅದೇ ವರ್ಷ ಸೆವೆನ್ ತಯಾರಿಸುವ ಹಕ್ಕು ಕೇಟರ್‌ಹ್ಯಾಮ್ ಕಂಪನಿಯ ಕೈಸೇರಿತು. ತೆರಿಗೆಯ ಲಾಭ ಹೋದರೂ ಕಟ್ಟುವ ಹುಚ್ಚು ಹೋಗಲಿಲ್ಲ. ಇಂದಿಗೂ ಸೆವೆನ್ ಮಾದರಿಯ ಕಾರುಗಳು, ಎಸಿ ಕೋಬ್ರಾ ಎಂಬ ಹಳೆಯ ಸ್ಪೋರ್ಟ್ಸ್ ಕಾರನ್ನು ಹೋಲುವ ಕೋಬ್ರಾ ಮಾದರಿಯವು, ಮಜ್ದಾ ಎಂಎಕ್ಸ್-5ರ ಮೈಮೇಲಿನ ತಗಡು ಕಳಚಿ ಕಟ್ಟುವ ಎಕ್ಸೋಸೆಟ್‌ನಂಥವು ಇಲ್ಲಿನ ಗ್ಯಾರೇಜುಗಳಲ್ಲಿ ಹುಟ್ಟುತ್ತಲೇ ಇವೆ. ಇಲ್ಲಿ ನೆಲೆಸಿರುವ ಕನ್ನಡಿಗ ಎಂಜಿನಿಯರುಗಳಲ್ಲಿ ಈ ಗೀಳು ಹಿಡಿದವರು ನಾನೊಬ್ಬನೇ ಅಲ್ಲ. ಕಟ್ಟುವಾಗ ಕೇಳುವವರು ಕಡಿಮೆ, ಮಾರುವಾಗ ಎಲ್ಲರೂ ಫೋನು ಮಾಡುತ್ತಾರೆ. ಅದಕ್ಕಾಗಿಯೇ ಈ ಬರಹ.

ಮೊದಲು: ಖರ್ಚಿನ ಲೆಕ್ಕವನ್ನು ಮಡಿಸಿ ಪಕ್ಕಕ್ಕಿಡಿ

ನನ್ನದು ಸೆವೆನ್ ಮಾದರಿಯ ಕಾರು. ಹಳೆಯ ಫೋರ್ಡ್ ಸಿಯೆರಾದ ಗೇರ್‌ಬಾಕ್ಸ್ ಮತ್ತು ಹಿಂಬದಿಯ ಡಿಫರೆನ್ಷಿಯಲ್, ಅದಕ್ಕೆ ಫೋರ್ಡಿನದೇ ಎರಡು ಲೀಟರಿನ ಜೆಟೆಕ್ ಎಂಜಿನ್. ನಾಲ್ಕು ಚಳಿಗಾಲ ಹಿಡಿಯಿತು. ನೋಟ್‌ಬುಕ್ಕಿನಲ್ಲಿ ಬರೆದಿಟ್ಟ ಲೆಕ್ಕ ಹೀಗಿತ್ತು: ಚಾಸಿ ಮತ್ತು ಮೈಭಾಗದ ಕಿಟ್‌ಗೆ 3,900 ಪೌಂಡ್, ಭಾಗಗಳನ್ನು ಬಿಚ್ಚಿಕೊಳ್ಳಲೆಂದು ಕೊಂಡ ಹಳೆಯ ಕಾರಿಗೆ, ಅಂದರೆ ಡೋನರ್ ಕಾರಿಗೆ 600, ಎಂಜಿನ್ ಮತ್ತು ಅದನ್ನು ನಿಯಂತ್ರಿಸುವ ಕಂಪ್ಯೂಟರಾದ ಇಸಿಯುಗೆ 2,350, ಸಸ್ಪೆನ್ಷನ್ ಮತ್ತು ಬ್ರೇಕಿಗೆ 1,900, ಚಕ್ರ ಟೈರಿಗೆ 820, ಸೀಟು, ಬೆಲ್ಟು, ಡ್ಯಾಶ್‌ಬೋರ್ಡಿಗೆ 1,130, ಬಣ್ಣ ಮತ್ತು ಲೆಕ್ಕಕ್ಕೆ ಸಿಗದ ನಟ್ಟು ಬೋಲ್ಟುಗಳಿಗೆ 1,150, ಪರೀಕ್ಷೆ ಮತ್ತು ನೋಂದಣಿಗೆ 700. ಒಟ್ಟು 12,550 ಪೌಂಡ್. ದುಡಿದ ಗಂಟೆಗಳು ಸಾವಿರ ದಾಟಿದ್ದವು.

ಜನವರಿಯಲ್ಲಿ 12,500 ಎಂದು ಜಾಹೀರಾತು ಹಾಕಿದೆ. ನನ್ನ ಮಟ್ಟಿಗೆ ಅದು ನ್ಯಾಯವಾದ ಬೆಲೆ. ನನ್ನ ದುಡಿಮೆಯನ್ನು ಪೂರ್ತಿ ಬಿಟ್ಟುಕೊಟ್ಟಿದ್ದೆ, ಸಾಮಾನಿನ ಹಣ ಮಾತ್ರ ಕೇಳಿದ್ದೆ. ಆರು ವಾರದಲ್ಲಿ ಬಂದದ್ದು ಎರಡು ಕರೆ. ಕೊನೆಗೆ ಕಾರು ಹೋಗಿದ್ದು 9,400ಕ್ಕೆ, ಆ ಬೆಲೆ ಬಂದದ್ದೂ ಕೆಳಗೆ ಹೇಳುವ ಕೆಲಸಗಳನ್ನು ಮಾಡಿದ ಮೇಲೆ.

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಕಟ್ಟಿದವರಿಗೆ ಪ್ರತಿ ರಿವೆಟ್ಟಿನ ಹಿಂದೆ ಒಂದು ಸಂಜೆ ನೆನಪಾಗುತ್ತದೆ. ಕೊಳ್ಳುವವರ ಮುಂದೆ ಇರುವ ಪ್ರಶ್ನೆ ಬೇರೆ: ಇದೇ ಹಣಕ್ಕೆ ಬೇರೆ ಯಾವ ಕಾರು ಸಿಗುತ್ತದೆ? ನೀವು ತಪ್ಪು ಅಳತೆಯ ರೇಡಿಯೇಟರ್ ತರಿಸಿ ಮತ್ತೆ ಬೇರೆಯದನ್ನು ಕೊಂಡದ್ದಕ್ಕೆ ಅವರು ಹಣ ಕೊಡುವುದಿಲ್ಲ. ಕೊಡಬೇಕಾಗಿಯೂ ಇಲ್ಲ. ನಿಮಗೆ ಇಷ್ಟವೆಂದು ಹಾಕಿಸಿದ 900 ಪೌಂಡಿನ ಬಣ್ಣ ಅವರಿಗೆ ಇಷ್ಟವಾಗದಿದ್ದರೆ ಅದರ ಬೆಲೆ ಸೊನ್ನೆಗಿಂತಲೂ ಕಡಿಮೆ. ಆದ್ದರಿಂದ ಖರ್ಚಿನ ಪಟ್ಟಿಯನ್ನು ಬೆಲೆ ಹೇಳಲು ಬಳಸಬೇಡಿ. ಅದರ ಉಪಯೋಗ ಬೇರೆಡೆ ಇದೆ, ಅಲ್ಲಿಗೆ ಬರುತ್ತೇನೆ.

ಎರಡನೆಯದು: ಹತ್ತು ಕಾರುಗಳ ಪಟ್ಟಿ ಮಾಡಿ

ಕೇಳುವ ಬೆಲೆಯೇ ಬೇರೆ, ಮಾರಿಹೋದ ಬೆಲೆಯೇ ಬೇರೆ. ಜಾಹೀರಾತುಗಳಲ್ಲಿ ಕಾಣುವುದೆಲ್ಲ ಮೊದಲನೆಯದು. ಇಬೇಯಲ್ಲಿ ಮಾರಾಟವಾದ ವಸ್ತುಗಳನ್ನು ಮಾತ್ರ ತೋರಿಸುವ ಆಯ್ಕೆ ಇದೆ. ಕಲೆಕ್ಟಿಂಗ್ ಕಾರ್ಸ್‌ನಂಥ ಆನ್‌ಲೈನ್ ಹರಾಜುಗಳು ಮುಗಿದ ಹರಾಜಿನ ಮೊತ್ತವನ್ನು ಉಳಿಸಿಕೊಂಡಿರುತ್ತವೆ. ಇವೆರಡರಿಂದ ನಿಮ್ಮ ಕಾರಿಗೆ ಹತ್ತಿರದ ಹತ್ತು ಕಾರುಗಳನ್ನು ಆರಿಸಿ ಒಂದು ಹಾಳೆಯಲ್ಲಿ ಬರೆಯಿರಿ. ಉಳಿದ ಜಾಹೀರಾತುಗಳನ್ನು ಗುರುತು ಹಾಕಿಟ್ಟು ಮೂರು ವಾರ ಬಿಟ್ಟು ಮತ್ತೆ ತೆರೆಯಿರಿ. ಹತ್ತು ದಿನದಲ್ಲಿ ಮಾಯವಾದ ಜಾಹೀರಾತು ಬೆಲೆ ಸರಿಯಿತ್ತೆಂದು ಹೇಳುತ್ತದೆ. ಮೂರು ವಾರ ಕಳೆದರೂ ಅಲ್ಲೇ ಇರುವುದು ನಿಮ್ಮ ಪಟ್ಟಿಗೆ ಬೇಡ.

ಹತ್ತಿರದ ಕಾರು ಎಂದರೆ ಯಾವುದು? ಮೊದಲು ಕಿಟ್‌ನ ಹೆಸರು ನೋಡಿ. ಸೆವೆನ್ ಮಾದರಿಯಲ್ಲಿ ಕೇಟರ್‌ಹ್ಯಾಮ್ ಎಲ್ಲಕ್ಕಿಂತ ಮೇಲೆ, ಅದರ ಕೆಳಗೆ ವೆಸ್ಟ್‌ಫೀಲ್ಡ್, ಅದರ ಕೆಳಗೆ ಎಂಕೆ, ಜಿಬಿಎಸ್‌ನಂಥವು, ಇನ್ನೂ ಕೆಳಗೆ ಹಳೆಯ ರಾಬಿನ್ ಹುಡ್ ಕಾರುಗಳು, ನಕ್ಷೆ ನೋಡಿ ತಾವೇ ಬೆಸುಗೆ ಹಾಕಿ ಚಾಸಿ ಮಾಡಿದ ಲೋಕಾಸ್ಟ್‌ಗಳು. ಚೆನ್ನಾಗಿ ಕಟ್ಟಿದ ಲೋಕಾಸ್ಟ್ ಒಂದು ಕೆಟ್ಟದಾಗಿ ಕಟ್ಟಿದ ವೆಸ್ಟ್‌ಫೀಲ್ಡಿಗಿಂತ ಎಷ್ಟೋ ಮೇಲು. ಆದರೂ ಮಾರುಕಟ್ಟೆ ಮೊದಲು ಹೆಸರು ನೋಡುತ್ತದೆ. ಅದು ನನಗೆ ಬೇಸರದ ಸಂಗತಿಯಾದರೂ ಬೆಲೆ ಕಟ್ಟುವಾಗ ಒಪ್ಪಿಕೊಳ್ಳಲೇಬೇಕು.

ಆಮೇಲೆ ಎಂಜಿನ್. ಫೋರ್ಡಿನ ಹಳೆಯ ಪಿಂಟೋ ಎಂಜಿನ್ನಿಗಿಂತ ಅದರದೇ ಜೆಟೆಕ್ ಅಥವಾ ಡ್ಯುರಾಟೆಕ್‌ಗೆ ಬೇಡಿಕೆ ಹೆಚ್ಚು. ಬೈಕಿನ ಎಂಜಿನ್ ಹಾಕಿದ ಕಾರುಗಳಿಗೆ ಪ್ರೀತಿಯಿಂದ ಕೊಳ್ಳುವವರಿದ್ದಾರೆ, ಆದರೆ ಆ ಗುಂಪು ಚಿಕ್ಕದು. ಟ್ರ್ಯಾಕಿಗೆ ಹೋಗುವವರೇ ಹೆಚ್ಚು. ಕೋಬ್ರಾ ಮಾದರಿಯಲ್ಲಾದರೆ ರೋವರ್ ವಿ8 ಇರುವುದಕ್ಕೂ ಷೆವರ್ಲೆಯ ಎಲ್‌ಎಸ್ ವಿ8 ಇರುವುದಕ್ಕೂ ಸಾವಿರಾರು ಪೌಂಡಿನ ಅಂತರ.

ಹತ್ತರಲ್ಲಿ ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಹೊಡೆದುಹಾಕಿ. ಉಳಿದ ಎಂಟರ ನಡುವಿನ ಬೆಲೆ ನಿಮ್ಮ ಶುರುವಿನ ಅಂಕಿ. ನನ್ನ ಹಾಳೆಯಲ್ಲಿ ಅದು 8,700 ಬಂತು. ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ, ನಿಜ. ಆದರೆ ಆ ಅಂಕಿ ಸರಿಯಾಗಿಯೇ ಇತ್ತು.

ಇನ್ನೊಂದು ಅಂಕಿಯನ್ನೂ ತೆಗೆದಿಟ್ಟುಕೊಳ್ಳಿ: ಕಾರನ್ನು ಬಿಚ್ಚಿ ಎಂಜಿನ್, ಗೇರ್‌ಬಾಕ್ಸ್, ಚಕ್ರ, ಸೀಟು, ಕುಲುಕಾಟ ತಡೆಯುವ ಡ್ಯಾಂಪರುಗಳನ್ನು ಬಿಡಿಬಿಡಿಯಾಗಿ ಮಾರಿದರೆ ಎಷ್ಟು ಬರುತ್ತದೆ? ಅದು ನಿಮ್ಮ ತಳ. ಚೌಕಾಸಿಯಲ್ಲಿ ಅದಕ್ಕಿಂತ ಕೆಳಗಿಳಿಯುವ ಅಗತ್ಯವಿಲ್ಲ. ಬಿಚ್ಚಿ ಎಂದು ನಾನು ಹೇಳುತ್ತಿಲ್ಲ, ಓಡುವ ಕಾರನ್ನು ಬಿಚ್ಚುವುದು ನೋಡಲಾಗದ ಕೆಲಸ.

ಮೂರನೆಯದು: ಕಾಗದದಲ್ಲಿ ನಿಮ್ಮ ಕಾರು ಏನು?

ಇದು ಎಲ್ಲಕ್ಕಿಂತ ಮುಖ್ಯವಾದ ಭಾಗ, ಆದ್ದರಿಂದ ನಿಧಾನವಾಗಿ ಹೇಳುತ್ತೇನೆ. ಲಾಗ್‌ಬುಕ್ ಅಂದರೆ ವಿ5ಸಿ ಎಂಬ ನೋಂದಣಿ ದಾಖಲೆಯನ್ನು ಎದುರಿಗೆ ಹರಡಿಕೊಂಡು ಕಾರಿನ ಪಕ್ಕದಲ್ಲಿ ಕೂತು ಒಂದೊಂದು ಸಾಲನ್ನೂ ತಾಳೆ ನೋಡಿ. ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆ, ಎಂಜಿನ್ ಎಷ್ಟು ಸಿಸಿ, ಬಣ್ಣ, ಮೈಕಟ್ಟಿನ ವಿಧ, ಸೀಟುಗಳ ಸಂಖ್ಯೆ. ಎಂಜಿನ್ ಬದಲಿಸಿ ನೋಂದಣಿ ಪ್ರಾಧಿಕಾರವಾದ ಡಿವಿಎಲ್‌ಎಗೆ ತಿಳಿಸದೆ ಬಿಟ್ಟವರು ಬಹಳ. ಜಾಹೀರಾತಿಗೆ ಮೊದಲೇ ತಿದ್ದಿಸಿ. ಹೊಸ ಲಾಗ್‌ಬುಕ್ ಬರಲು ವಾರಗಳು ಹಿಡಿಯಬಹುದು. ಕೊಳ್ಳುವವರನ್ನು ಎದುರಿಗೆ ನಿಲ್ಲಿಸಿಕೊಂಡು ಮಾಡುವ ಕೆಲಸ ಅದಲ್ಲ.

ಇದಕ್ಕಿಂತ ದೊಡ್ಡ ತೊಂದರೆ ಹಳೆಯ ಕಾರುಗಳಲ್ಲಿ ಕಾಣುತ್ತದೆ. ಕಣ್ಣೆದುರು ನಿಂತಿರುವುದು ಎರಡು ಸೀಟಿನ ತೆರೆದ ಕಾರು, ಲಾಗ್‌ಬುಕ್ಕಿನಲ್ಲಿ ಮಾತ್ರ ಇನ್ನೂ ‘ಫೋರ್ಡ್ ಸಿಯೆರಾ’ ಎಂದೇ ಇದೆ. ಡೋನರ್ ಕಾರಿನ ಗುರುತನ್ನೇ ಹೊತ್ತು ತಿರುಗುವ ಇಂಥ ಕಾರುಗಳನ್ನು ವಿಷಯ ಬಲ್ಲವರು ಮುಟ್ಟುವುದಿಲ್ಲ. ವಿಮೆ ಕಂಪನಿ ತಕರಾರು ತೆಗೆಯಬಹುದು, ನೋಂದಣಿಯೇ ರದ್ದಾಗಬಹುದು. ನಿಮ್ಮ ಕಾರು ಹೀಗಿದ್ದರೆ ಮಾರುವ ಯೋಚನೆ ಬಿಟ್ಟು ಮೊದಲು ಡಿವಿಎಲ್‌ಎಗೆ ಬರೆಯಿರಿ. ಮುಚ್ಚಿಟ್ಟು ಮಾರಿದರೆ ಅದು ವಂಚನೆ.

ನಂಬರ್ ಪ್ಲೇಟಿನ ಕಥೆಯೂ ಬೆಲೆಗೆ ತಾಗುತ್ತದೆ. ಎಲ್ಲ ಭಾಗಗಳೂ ಹೊಸದಾಗಿದ್ದು ಒಂದೇ ಒಂದನ್ನು ದುರಸ್ತಿ ಮಾಡಿ ಹೊಸದರಂತೆ ಮಾಡಿದ್ದರೆ ಸಾಮಾನ್ಯವಾಗಿ ಆ ವರ್ಷದ ಹೊಸ ನೋಂದಣಿ ಸಿಗುತ್ತದೆ. ಒಂದೇ ಡೋನರ್ ಕಾರಿನ ಎರಡು ಮುಖ್ಯ ಭಾಗಗಳನ್ನು ಬಳಸಿ ಅದಕ್ಕೆ ದಾಖಲೆ ಕೊಟ್ಟರೆ ಆ ಡೋನರಿನ ವಯಸ್ಸಿಗೆ ತಕ್ಕ ನೋಂದಣಿ. ಭಾಗಗಳು ಎಲ್ಲಿಂದ ಬಂದವೆಂದು ತೋರಿಸಲಾಗದಿದ್ದರೆ ‘ಕ್ಯೂ’ ಅಕ್ಷರದ ಪ್ಲೇಟು. ಕ್ಯೂ ಪ್ಲೇಟಿನ ಕಾರಿಗೆ ಸ್ವಂತ ಆಯ್ಕೆಯ ನಂಬರು ಹಾಕಿಕೊಳ್ಳಲು ಬರುವುದಿಲ್ಲ. ಕೆಲವು ವಿಮೆ ಕಂಪನಿಗಳು ಮುಖ ತಿರುಗಿಸುತ್ತವೆ. ಕಾರು ಎಷ್ಟೇ ಚೆನ್ನಾಗಿದ್ದರೂ ಬೆಲೆ ಇಳಿಯುತ್ತದೆ. ನಿಮ್ಮ ಪಟ್ಟಿಯಲ್ಲಿ ಕ್ಯೂ ಪ್ಲೇಟಿನ ಕಾರನ್ನು ಕ್ಯೂ ಪ್ಲೇಟಿನದಕ್ಕೇ ಹೋಲಿಸಿ.

ಮನೆಯಲ್ಲಿ ಕಟ್ಟಿದ ಕಾರುಗಳಿಗೆ 1998ರಿಂದ ಎಸ್‌ವಿಎ ಎಂಬ ಪರೀಕ್ಷೆ ಇತ್ತು. 2009ರಲ್ಲಿ ಅದರ ಜಾಗಕ್ಕೆ ಇನ್ನೂ ಕಟ್ಟುನಿಟ್ಟಾದ ಐವಿಎ ಬಂತು. ಹೊರಮೈಯ ಅಂಚು ಎಷ್ಟು ದುಂಡಗಿರಬೇಕು ಎನ್ನುವುದನ್ನೂ ಮಿಲಿಮೀಟರಿನಲ್ಲಿ ಅಳೆಯುತ್ತಾರೆ. ಸೈಲೆನ್ಸರಿನ ಸದ್ದು 99 ಡೆಸಿಬೆಲ್ ಮೀರುವಂತಿಲ್ಲ. ಬ್ರೇಕಿನ ಸಮತೋಲ, ತಿರುಗಿಸಿ ಬಿಟ್ಟರೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದು, ಸ್ಪೀಡೋಮೀಟರ್ ನಿಖರವಾಗಿರುವುದು, ಕನ್ನಡಿಗಳಲ್ಲಿ ಹಿಂದಿನ ರಸ್ತೆ ಕಾಣುವುದು, ಎಲ್ಲವೂ ಆ ದಿನ ಪರೀಕ್ಷೆಗೆ ಒಳಗಾಗುತ್ತವೆ. ಐವಿಎ ಪಾಸಾದ ಪ್ರಮಾಣಪತ್ರ ನಿಮ್ಮಲ್ಲಿದ್ದರೆ ಅದನ್ನು ಜಾಹೀರಾತಿನ ಮೊದಲ ಸಾಲಿನಲ್ಲಿ ಹೇಳಿ. ಮೊದಲ ಸಲ ಫೇಲಾಗಿ ಎರಡನೇ ಸಲ ಪಾಸಾಗಿದ್ದರೆ ಆ ಫೇಲಾದ ಹಾಳೆಯನ್ನೂ ಇಟ್ಟುಕೊಳ್ಳಿ. ನನ್ನ ಕಾರು ಮೊದಲ ಸಲ ಎರಡು ಅಂಶಗಳಲ್ಲಿ ಬಿದ್ದಿತ್ತು. ಏನು ತಪ್ಪಿತ್ತು, ಹೇಗೆ ಸರಿಪಡಿಸಿದೆ ಎಂದು ಪಕ್ಕದಲ್ಲೇ ಬರೆದಿದ್ದೆ. ಮೇಲೆ ಹೇಳಿದ ಹಿರಿಯರು ಅತಿ ಹೆಚ್ಚು ಹೊತ್ತು ಓದಿದ್ದು ಆ ಹಾಳೆಯನ್ನೇ.

ನಾಲ್ಕನೆಯದು: ಫೈಲು

ಜನವರಿಯ ಎರಡು ಕರೆಗಳಲ್ಲಿ ಒಬ್ಬರು ಕೇಳಿದ್ದರು, ಕಟ್ಟುವಾಗಿನ ಚಿತ್ರಗಳಿವೆಯೇ ಎಂದು. ಮೊಬೈಲಿನಲ್ಲಿ ಎಲ್ಲೋ ಇವೆ ಎಂದೆ. ಅವರು ಮತ್ತೆ ಕರೆ ಮಾಡಲಿಲ್ಲ. ಫೆಬ್ರವರಿಯಲ್ಲಿ ನಾಲ್ಕು ಸಂಜೆ ಕೂತು ಒಂದು ದಪ್ಪನೆಯ ಫೈಲು ಮಾಡಿದೆ. ನನ್ನ ಅಂದಾಜಿನಲ್ಲಿ 8,700ರ ಮೇಲೆ ಬಂದ 700 ಪೌಂಡು ಆ ನಾಲ್ಕು ಸಂಜೆಗಳ ದುಡಿಮೆ.

ಅದರಲ್ಲಿ ಏನಿರಬೇಕು? ಬರಿಯ ಚಾಸಿಯಿಂದ ಹಿಡಿದು ದಿನಾಂಕದ ಕ್ರಮದಲ್ಲಿ ಅಚ್ಚು ಹಾಕಿಸಿದ ಚಿತ್ರಗಳು. ಮುಚ್ಚಿಹೋಗುವ ಜಾಗಗಳದ್ದು ಮುಖ್ಯ: ಅಲ್ಯೂಮಿನಿಯಂ ಹಾಳೆ ಹೊದಿಸುವ ಮೊದಲಿನ ಬೆಸುಗೆಗಳು, ನಡುವಿನ ಸುರಂಗದೊಳಗೆ ಹೋಗುವ ವೈರು ಮತ್ತು ಪೆಟ್ರೋಲ್ ಪೈಪು, ಸೀಟ್ ಬೆಲ್ಟು ಹಿಡಿದಿರುವ ಕೊಂಡಿಗಳು. ನಂತರ ವೈರಿಂಗ್ ನಕ್ಷೆ. ನೀವು ಬಳಸಿದ ಬಣ್ಣದ ವೈರುಗಳಿಗೇ ಹೊಂದುವಂತೆ ಕೈಯಲ್ಲಿ ಬರೆದದ್ದಾದರೂ ಸಾಕು. ಆಮೇಲೆ ಭಾಗಗಳ ಪಟ್ಟಿ, ಇದಕ್ಕೆ ಸಮನಾದದ್ದು ಇನ್ನೊಂದಿಲ್ಲ. ಮುಂದಿನ ಬ್ರೇಕ್ ಪ್ಯಾಡು ಯಾವ ಕಾರಿನದು, ಆಯಿಲ್ ಫಿಲ್ಟರ್ ಯಾವುದು, ಚಕ್ರದ ಬೇರಿಂಗ್ ಎಲ್ಲಿಯದು, ಫ್ಯಾನ್ ಬೆಲ್ಟಿನ ಉದ್ದ ಎಷ್ಟು. ಐದು ಕಾರುಗಳ ಭಾಗ ಸೇರಿ ಒಂದಾದ ಕಾರಿಗೆ ಈ ಹಾಳೆ ಇಲ್ಲದಿದ್ದರೆ ಹೊಸ ಮಾಲೀಕರು ಬಿಡಿಭಾಗದ ಅಂಗಡಿಯಲ್ಲಿ ಬಾಯಿ ಬಿಡಬೇಕಾಗುತ್ತದೆ. ಕೊನೆಗೆ ಬಿಲ್ಲುಗಳು. ಮೊದಲು ಪಕ್ಕಕ್ಕಿಡಿ ಎಂದ ಖರ್ಚಿನ ಲೆಕ್ಕ ಇಲ್ಲಿ ಕೆಲಸಕ್ಕೆ ಬರುತ್ತದೆ. ಡ್ಯಾಂಪರ್ ಹೊಸದು ಎಂದು ಬಾಯಲ್ಲಿ ಹೇಳುವುದಕ್ಕೂ ತಾರೀಕಿರುವ ಬಿಲ್ಲು ತೋರಿಸುವುದಕ್ಕೂ ಅಜಗಜಾಂತರ.

ಐವಿಎಗಾಗಿಯೇ ಹಾಕಿ ಆಮೇಲೆ ತೆಗೆದಿಟ್ಟ ಸಾಮಾನು, ಅಂದರೆ ಅಂಚಿನ ರಬ್ಬರು, ದೊಡ್ಡ ಕನ್ನಡಿ, ಮೆತ್ತನೆಯ ಸ್ಟೀರಿಂಗ್ ಚಕ್ರ, ಇವನ್ನು ಎಸೆಯಬೇಡಿ. ಪೆಟ್ಟಿಗೆಯಲ್ಲಿ ಹಾಕಿ ಕಾರಿನ ಜೊತೆಗೇ ಕೊಡಿ.

ಐದನೆಯದು: ಕಾರನ್ನು ಅಣಿ ಮಾಡುವುದು, ಜಾಹೀರಾತು ಬರೆಯುವುದು

ಕಾರು ರಸ್ತೆಗೆ ಯೋಗ್ಯವೇ ಎಂದು ವರ್ಷಕ್ಕೊಮ್ಮೆ ನೋಡುವ ಎಂಒಟಿ ಪರೀಕ್ಷೆಯ ಅವಧಿ ಇನ್ನೂ ಉಳಿದಿದ್ದರೂ ಹೊಸದಾಗಿ ಮಾಡಿಸಿ. ಗರಿಷ್ಠ ಶುಲ್ಕ 54.85 ಪೌಂಡ್, ಇಡೀ ವ್ಯವಹಾರದಲ್ಲಿ ಇದಕ್ಕಿಂತ ಲಾಭದ ಖರ್ಚಿಲ್ಲ. ನಂಬರ್ ಗೊತ್ತಿರುವ ಯಾರಾದರೂ ಸರ್ಕಾರದ ತಾಣದಲ್ಲಿ ನಿಮ್ಮ ಕಾರಿನ ಎಂಒಟಿ ಇತಿಹಾಸವನ್ನು ಉಚಿತವಾಗಿ ನೋಡಬಹುದು. ಕಿಲುಬು, ಎಣ್ಣೆ ಸೋರಿಕೆ ಎಂದು ಪರೀಕ್ಷಕರು ಬರೆದ ಸೂಚನೆಗಳೂ ಅಲ್ಲಿರುತ್ತವೆ. ಹಿಂದಿನ ವರ್ಷ ಬರೆದದ್ದನ್ನು ಈ ವರ್ಷ ಸರಿಪಡಿಸಿದ್ದೀರಿ ಎಂದು ಅಲ್ಲೇ ಕಾಣಬೇಕು.

ಸಣ್ಣಪುಟ್ಟ ಕೆಲಸ ಬಾಕಿ ಉಳಿಸಬೇಡಿ. ಕೆಲಸ ಮಾಡದ ಒಂದು ಇಂಡಿಕೇಟರ್, ಸಡಿಲವಾದ ಒಂದು ಕೇಬಲ್ ಟೈ ಕಂಡರೆ ಸಾಕು, ಕಾಣದ ಕಡೆ ಇನ್ನೇನಿದೆಯೋ ಎಂಬ ಸಂಶಯ ಹುಟ್ಟುತ್ತದೆ. ಹಾಗೆಯೇ ಮಾರುವ ಹೊತ್ತಿಗೆ ದೊಡ್ಡ ಖರ್ಚಿನ ಸುಧಾರಣೆಗೂ ಕೈ ಹಾಕಬೇಡಿ. ಹೊಸ ಚಕ್ರಗಳ ಬೆಲೆ ವಾಪಸು ಬರುವುದಿಲ್ಲ.

ಕಾಲ ನೋಡಿಕೊಳ್ಳಿ. ಮೇಲ್ಛಾವಣಿ ಇಲ್ಲದ ಕಾರನ್ನು ಜನವರಿಯ ಮಳೆಯಲ್ಲಿ ಯಾರೂ ಕನಸು ಕಾಣುವುದಿಲ್ಲ. ಮಾರ್ಚ್‌ನಿಂದ ಜೂನ್‌ವರೆಗೆ ಒಳ್ಳೆಯ ಅವಧಿ. ಕೊವೆಂಟ್ರಿ ಬಳಿಯ ಸ್ಟೋನ್‌ಲಿಯಲ್ಲಿ ಮೇ ತಿಂಗಳ ಆರಂಭದಲ್ಲಿ ಕಿಟ್ ಕಾರುಗಳ ದೊಡ್ಡ ಮೇಳ ನಡೆಯುವ ರೂಢಿಯಿದೆ. ಅಲ್ಲಿ ಕಿಟಕಿಗೆ ಒಂದು ಚೀಟಿ ಅಂಟಿಸಿ ನಿಲ್ಲಿಸಿದರೆ ವಿಷಯ ಬಲ್ಲವರೇ ಬಂದು ಮಾತಾಡಿಸುತ್ತಾರೆ. ಉಳಿದಂತೆ ಪಿಸ್ಟನ್‌ಹೆಡ್ಸ್, ಕಾರ್ ಆ್ಯಂಡ್ ಕ್ಲಾಸಿಕ್, ಆಯಾ ಕಿಟ್‌ನ ಮಾಲೀಕರ ಸಂಘಗಳು. ನನ್ನ ಅನುಭವದಲ್ಲಿ ಸಂಘದ ಮೂಲಕ ಬಂದವರು ಕಡಿಮೆ ಚೌಕಾಸಿ ಮಾಡುತ್ತಾರೆ, ಹೆಚ್ಚು ಪ್ರಶ್ನೆ ಕೇಳುತ್ತಾರೆ. ನನಗೆ ಅದೇ ಇಷ್ಟ.

ಜಾಹೀರಾತಿನಲ್ಲಿ ಕಿಟ್ ಯಾವುದು, ಕಟ್ಟಿ ಮುಗಿದ ವರ್ಷ, ನೋಂದಣಿಯ ವಿಧ, ಎಂಜಿನ್, ಓಡಿದ ಮೈಲಿ, ಎಂಒಟಿ ಎಲ್ಲಿಯವರೆಗೆ, ಫೈಲಿನಲ್ಲಿ ಏನಿದೆ, ದೋಷಗಳೇನು ಎಂದು ನೇರವಾಗಿ ಬರೆಯಿರಿ. ಸೆವೆನ್ ಮಾದರಿಯ ಕಾರನ್ನು ಲೋಟಸ್ ಎಂದೂ, ಕೋಬ್ರಾ ಮಾದರಿಯದನ್ನು ಬರಿದೇ ಎಸಿ ಕೋಬ್ರಾ ಎಂದೂ ಕರೆಯಬೇಡಿ. ಚಿತ್ರಗಳಲ್ಲಿ ಅರ್ಧದಷ್ಟಾದರೂ ಕಾರಿನ ಕೆಳಭಾಗ ಮತ್ತು ಎಂಜಿನ್ ಸುತ್ತಲಿನದಾಗಿರಲಿ. ರಾತ್ರಿಯಿಡೀ ತಣ್ಣಗಿದ್ದ ಎಂಜಿನ್ ಬೆಳಿಗ್ಗೆ ಚಾಲೂ ಆಗುವ ಒಂದು ವಿಡಿಯೋ ಇದ್ದರೆ ಹತ್ತು ಪ್ರಶ್ನೆಗಳು ತಪ್ಪುತ್ತವೆ.

ಬೆಲೆಯನ್ನು ನೀವು ನಿರೀಕ್ಷಿಸುವುದಕ್ಕಿಂತ ನೂರಕ್ಕೆ ಐದರಷ್ಟು ಮೇಲೆ ಇಟ್ಟರೆ ಸಾಕು. ನಾನು ಎರಡನೇ ಸಲ ಹಾಕಿದ್ದು 9,850. ಕಿಟ್ ಕಾರಿನ ಗಿರಾಕಿಗಳು ಎಲ್ಲರ ಜಾಹೀರಾತನ್ನೂ ಓದಿರುತ್ತಾರೆ. ಉಬ್ಬಿಸಿದ ಬೆಲೆ ಕಂಡರೆ ಫೋನೇ ಮಾಡುವುದಿಲ್ಲ.

ಆರನೆಯದು: ನೋಡಲು ಬರುವ ದಿನ

ಕಾರನ್ನು ಸ್ಟ್ಯಾಂಡುಗಳ ಮೇಲೆ ಎತ್ತಿ ನಿಲ್ಲಿಸಿ, ಕೆಳಗೆ ಹಾಸಲು ಏನಾದರೂ ಇಡಿ. ಎಂಜಿನ್ ತಣ್ಣಗಿರಲಿ. ಮೊದಲೇ ಬಿಸಿ ಮಾಡಿಟ್ಟರೆ ಏನನ್ನೋ ಮುಚ್ಚುತ್ತಿದ್ದೀರಿ ಎಂದೇ ಅರ್ಥ. ನಿಮಗೆ ಗೊತ್ತಿರುವ ದೋಷಗಳ ಪಟ್ಟಿಯನ್ನು ನೀವೇ ಮೊದಲು ಕೈಗೆ ಕೊಡಿ. ನನ್ನದರಲ್ಲಿ ಮೂರಿದ್ದವು: ಎರಡನೇ ಗೇರಿಗೆ ತಣ್ಣಗಿರುವಾಗ ಸ್ವಲ್ಪ ಬಿಗಿ, ಎಡಗಡೆಯ ಮಡ್‌ಗಾರ್ಡಿನ ಫೈಬರ್‌ಗ್ಲಾಸಿನಲ್ಲಿ ಕೂದಲೆಳೆಯ ಬಿರುಕು, ಇಂಧನದ ಮುಳ್ಳು ಕಾಲು ಟ್ಯಾಂಕಿನ ಕೆಳಗೆ ನಂಬುವಂತಿಲ್ಲ. ಹಿರಿಯರು ಪಟ್ಟಿ ಓದಿ, ಅವರೇ ಕಂಡುಹಿಡಿದ ನಾಲ್ಕನೆಯದನ್ನು ಪೆನ್ಸಿಲಿನಲ್ಲಿ ಕೆಳಗೆ ಸೇರಿಸಿದರು. ಸ್ಟೀರಿಂಗ್ ರ‍್ಯಾಕಿನ ರಬ್ಬರು ಒಡೆಯುತ್ತಿತ್ತು, ನಾನು ಗಮನಿಸಿರಲಿಲ್ಲ. ಆಮೇಲೆ ನಡೆದ ಬೆಲೆಯ ಮಾತು ಆ ನಾಲ್ಕು ಸಾಲುಗಳ ಸುತ್ತಲೇ ನಡೆಯಿತು, ಹತ್ತು ನಿಮಿಷದಲ್ಲಿ ಮುಗಿಯಿತು.

ಓಡಿಸಿ ನೋಡುವ ವಿಷಯದಲ್ಲಿ ಎಚ್ಚರ. ಐನೂರು ಅರುನೂರು ಕಿಲೋ ತೂಕದ, ಎಬಿಎಸ್ ಇಲ್ಲದ ಕಾರು ಮೊದಲ ಸಲ ಕೂತವರ ಕೈಮೀರುವುದು ಸುಲಭ. ಮೊದಲು ನೀವು ಓಡಿಸಿ, ಅವರು ಪಕ್ಕದಲ್ಲಿ ಕೂರಲಿ. ಅವರ ಕೈಗೆ ಕೊಡುವ ಮೊದಲು ಅವರ ವಿಮೆ ನಿಮ್ಮ ಕಾರಿಗೆ ಅನ್ವಯಿಸುತ್ತದೆಯೇ ಎಂದು ಕಾಗದದಲ್ಲಿ ನೋಡಿ. ಒಂದು ದಿನದ ವಿಮೆ ಕಿಟ್ ಕಾರಿಗೆ ಸಿಗದೇ ಹೋಗುವುದುಂಟು.

ಏಳನೆಯದು: ಹಣ, ಸಹಿ, ಕಾನೂನು

ಖಾಸಗಿಯಾಗಿ ಮಾರುವವರಿಗೆ ವ್ಯಾಪಾರಿಗಳಷ್ಟು ಹೊಣೆ ಇಲ್ಲ ಎನ್ನುವುದು ನಿಜ. ಆದರೆ ಕಾರು ನೀವು ವರ್ಣಿಸಿದಂತೆ ಇರಲೇಬೇಕು. ‘ಕಂಡಂತೆ ಮಾರಲಾಗಿದೆ’ ಎಂದು ರಸೀದಿಯಲ್ಲಿ ಬರೆದ ಮಾತ್ರಕ್ಕೆ ಸುಳ್ಳು ವರ್ಣನೆಗೆ ರಕ್ಷಣೆ ಸಿಗುವುದಿಲ್ಲ. ರಸ್ತೆಗೆ ಯೋಗ್ಯವಲ್ಲದ ಕಾರನ್ನು ರಸ್ತೆಯಲ್ಲಿ ಓಡಿಸಲೆಂದು ಮಾರುವುದು 1988ರ ರಸ್ತೆ ಸಂಚಾರ ಕಾಯ್ದೆಯಡಿ ಅಪರಾಧ, ಮಾರುವವರು ಯಾರೇ ಆಗಿರಲಿ. ಆದ್ದರಿಂದ ದೋಷಗಳ ಪಟ್ಟಿಯನ್ನೇ ರಸೀದಿಯ ಭಾಗ ಮಾಡಿ, ಎರಡು ಪ್ರತಿ ತೆಗೆದು ಇಬ್ಬರೂ ಸಹಿ ಹಾಕಿ. ತಾರೀಕಿನ ಜೊತೆಗೆ ಗಂಟೆ ನಿಮಿಷವನ್ನೂ ಬರೆಯಿರಿ. ಅದೇ ದಿನ ಕಾರು ಯಾವುದಾದರೂ ವೇಗದ ಕ್ಯಾಮೆರಾಗೆ ಸಿಕ್ಕರೆ ಆ ನಿಮಿಷ ನಿಮ್ಮನ್ನು ಕಾಯುತ್ತದೆ.

ಹಣ ಬ್ಯಾಂಕಿನಿಂದ ಬ್ಯಾಂಕಿಗೆ ಬರಲಿ. ಅವರ ಮೊಬೈಲಿನ ಪರದೆಯಲ್ಲಿ ಕಂಡದ್ದನ್ನು ನಂಬಬೇಡಿ, ನಿಮ್ಮ ಖಾತೆಯಲ್ಲಿ ಕಂಡ ಮೇಲೆಯೇ ಕೀಲಿ ಕೊಡಿ. ಬ್ಯಾಂಕ್ ಡ್ರಾಫ್ಟುಗಳಲ್ಲಿ ನಕಲಿ ಬರುತ್ತವೆ. ನಂತರ ವಿ5ಸಿಯಲ್ಲಿರುವ ಹನ್ನೊಂದು ಅಂಕಿಯ ಸಂಖ್ಯೆ ಬಳಸಿ ಅಲ್ಲೇ ಕೂತು ಆನ್‌ಲೈನಿನಲ್ಲಿ ಡಿವಿಎಲ್‌ಎಗೆ ಮಾರಾಟ ತಿಳಿಸಿ, ವಿ5ಸಿಯಲ್ಲಿರುವ ಹೊಸ ಮಾಲೀಕರ ಹಸಿರು ಚೀಟಿಯನ್ನು ಕೊಂಡವರಿಗೆ ಕೊಡಿ. ರಸ್ತೆ ತೆರಿಗೆ ಕಾರಿನ ಜೊತೆ ಹೋಗುವುದಿಲ್ಲ. ಉಳಿದ ಪೂರ್ತಿ ತಿಂಗಳುಗಳ ಹಣ ನಿಮಗೆ ವಾಪಸು ಬರುತ್ತದೆ, ಅವರು ಹೊಸದಾಗಿ ಕಟ್ಟಿಯೇ ಹೊರಡಬೇಕು.

ಒಂದು ಕಾರು ಕಟ್ಟಿ ಬಳಸಿ ಮಾರಿದರೆ ತೆರಿಗೆಯ ಚಿಂತೆ ಇಲ್ಲ, ಸ್ವಂತ ಬಳಕೆಯ ಕಾರಿಗೆ ಬಂಡವಾಳ ಲಾಭದ ತೆರಿಗೆ ಬೀಳುವುದಿಲ್ಲ. ಮಾರಲೆಂದೇ ಒಂದರ ಹಿಂದೊಂದು ಕಟ್ಟತೊಡಗಿದರೆ ಅದು ವ್ಯಾಪಾರ. ಆಗ ತೆರಿಗೆಯೂ ಗ್ರಾಹಕ ಕಾನೂನೂ ಎರಡೂ ಬದಲಾಗುತ್ತವೆ, ಲೆಕ್ಕಿಗರನ್ನು ಕಾಣಿ.

ಅರ್ಧಕ್ಕೆ ನಿಂತ ಕಾರು

ಶಿವಮೊಗ್ಗದ ಕಡೆಯ ಗೆಳೆಯರೊಬ್ಬರು ಮಿಲ್ಟನ್ ಕೀನ್ಸ್‌ನಲ್ಲಿದ್ದಾರೆ. ಎರಡನೇ ಮಗು ಹುಟ್ಟಿದ ಮೇಲೆ ಅವರ ಕಾರು ಚಾಸಿಯ ಹಂತದಲ್ಲೇ ನಿಂತು ಮೂರು ವರ್ಷವಾಗಿತ್ತು. “ಇದನ್ನು ಹಾಗೇ ಕೊಟ್ಟುಬಿಡಲೇನಪ್ಪಾ?” ಎಂದು ಕೇಳಿದರು. ಮುಗಿಯದ ಕಾರಿಗೆ ಹಾಕಿದ ಹಣದ ಅರ್ಧ ಬಂದರೂ ದೊಡ್ಡದು, ಯಾಕೆಂದರೆ ಕೊಳ್ಳುವವರಿಗೆ ಏನೇನು ಕಾಣೆಯಾಗಿದೆ ಎನ್ನುವ ಭಯವೇ ಹೆಚ್ಚು. ಐವಿಎಗೆ ನಾಲ್ಕೈದು ವಾರದ ಕೆಲಸ ಮಾತ್ರ ಉಳಿದಿದ್ದರೆ ಹೇಗಾದರೂ ಮಾಡಿ ಮುಗಿಸಿ, ನೋಂದಣಿ ಆದ ಕಾರಿನ ಬೆಲೆಯೇ ಬೇರೆ. ಅದಕ್ಕಿಂತ ಹಿಂದೆ ನಿಂತಿದ್ದರೆ ಇಬ್ಬರು ಕೂತು ಒಂದು ದಿನ ಪೆಟ್ಟಿಗೆಗಳನ್ನೆಲ್ಲ ಬಿಚ್ಚಿ. ನಾವು ಹಾಗೆ ಮಾಡಿದೆವು. ಪ್ರತಿ ಪೆಟ್ಟಿಗೆಗೆ ಸಂಖ್ಯೆ, ಒಳಗಿರುವುದರ ಪಟ್ಟಿ, ಬಟ್ಟೆಯ ಮೇಲೆ ಹರಡಿ ತೆಗೆದ ಚಿತ್ರ. ಇಲ್ಲದಿರುವ ಭಾಗಗಳದ್ದು ಬೇರೆ ಪಟ್ಟಿ. ಇಂಥ ಕಾರಿಗೆ ತನ್ನದೇ ಲಾಗ್‌ಬುಕ್ ಇರುವುದಿಲ್ಲವಾದ್ದರಿಂದ ಕಿಟ್ ಕೊಂಡ ಬಿಲ್ಲು, ಚಾಸಿ ಸಂಖ್ಯೆ, ಡೋನರ್ ಕಾರಿನ ದಾಖಲೆ ಮೂರೂ ಒಟ್ಟಿಗೆ ಇರಬೇಕು. ಕಾರು ಎರಡನೇ ವಾರಕ್ಕೆ ಹೋಯಿತು.

ಊರಿಗೆ ತೆಗೆದುಕೊಂಡು ಹೋಗಬಹುದೇ?

ಬೆಂಗಳೂರಿನ ನೆಂಟರಿಗೆ ಮಾರಬಹುದೇ ಎಂದು ಕೇಳುವವರಿದ್ದಾರೆ. ಆ ಆಸೆ ನನಗೂ ಇತ್ತು. ಆಗುವುದಿಲ್ಲ ಎಂದೇ ತಿಳಿಯಿರಿ. ಭಾರತದಲ್ಲಿ ಕಾರಿನ ಮಾದರಿಯೊಂದು ನೋಂದಣಿಗೆ ಅರ್ಹವಾಗಬೇಕಾದರೆ ಅದು ಎಆರ್‌ಎಐನಂಥ ಸಂಸ್ಥೆಯ ಪರೀಕ್ಷೆಯಲ್ಲಿ ಒಪ್ಪಿಗೆ ಪಡೆದಿರಬೇಕು. ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಮನೆಯಲ್ಲಿ ಕಟ್ಟಿದವರಿಗೆ ಐವಿಎಯಂಥ ದಾರಿಯೊಂದು ನಮ್ಮಲ್ಲೂ ತೆರೆಯಲಿ ಎಂಬುದು ನನ್ನ ಮನಸ್ಸಿನ ಹಾರೈಕೆ. ನಮ್ಮ ಹುಡುಗರ ಕೈಯಲ್ಲಿ ಆ ಕೌಶಲ ಇದೆ.

ಕಾರು ಹೊರಟ ಮೇಲೆ

ವಿಮೆ ಕಂಪನಿಗೆ ಅಂದೇ ತಿಳಿಸಿ 9,400ರ ರಸೀದಿ, ದೋಷಗಳ ಪಟ್ಟಿ, ಲಾಗ್‌ಬುಕ್ಕಿನ ಚಿತ್ರವನ್ನು ಒಂದು ಲಕೋಟೆಯಲ್ಲಿ ಹಾಕಿಟ್ಟೆ. ಫೈಲಿನ ಪೂರ್ತಿ ನಕಲನ್ನೂ ಇಟ್ಟುಕೊಂಡಿದ್ದೇನೆ. ಇಸಿಯುವಿನ ಸೆಟ್ಟಿಂಗು ಅಳಿಸಿಹೋಯಿತೆಂದು ಬೇಸಿಗೆಯಲ್ಲಿ ಹೊಸ ಮಾಲೀಕರ ಫೋನು ಬಂದಾಗ ಅದೇ ಉಪಯೋಗಕ್ಕೆ ಬಂತು. ಹೊರಡುವ ಮೊದಲು ಉಳಿದ ರಿವೆಟ್ಟು, ಕ್ಲಿಪ್ಪು, ಒಂದು ಮೀಟರ್ ಬ್ರೇಕ್ ಪೈಪು, ಡಬ್ಬಿಯ ತಳದಲ್ಲಿದ್ದ ಬಣ್ಣ, ಎಲ್ಲವನ್ನೂ ಪೆಟ್ಟಿಗೆಯಲ್ಲಿ ಹಾಕಿ ಕೊಟ್ಟೆ. ಹಿರಿಯರು ಪೆಟ್ಟಿಗೆ ಕೆದಕಿ, ಆ ಹಳದಿ ಪೆನ್ನು ಎಲ್ಲಿ ಎಂದು ಕೇಳಿದರು. ಐನೂರು ಮೈಲಿ ಓಡಿಸಿದ ಮೇಲೆ ಸಸ್ಪೆನ್ಷನ್ನಿನ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿ, ಹಳೆಯ ಗೆರೆ ಒರೆಸಿ ಹೊಸದು ಎಳೆಯಬೇಕಲ್ಲ ಎಂದರು. ಒಳಗೆ ಹೋಗಿ ತಂದುಕೊಟ್ಟೆ.